ನಿಂತ ಗಾಡಿಯನ್ನು ತಿರುಗಿಸುವುದನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಮಲೆನಾಡಿನ ತೋಟದ ಮನೆಗಳಿಂದ ಟಾರು ರಸ್ತೆಗೆ ಬರುವ ದಾರಿಗಳನ್ನು ಗಮನಿಸಿ. ದಣಪೆ ದಾಟಿದ ಮೇಲೆ ಜಂಬಿಟ್ಟಿಗೆ ಮಣ್ಣಿನ ಒಂದು ಏರು, ಏರಿನ ತುದಿಗೆ ಟಾರಿನ ಅಂಚು, ಅದರಾಚೆಗೆ ತಿರುವು. ಎರಡೂ ಕಡೆ ಧರೆಯೋ ಬೇಲಿಗಿಡವೋ ಕಣ್ಣಿಗೆ ಅಡ್ಡ. ಬೈಕು, ಸ್ಕೂಟರಿನ ಸವಾರ ಅಲ್ಲಿ ನಿಲ್ಲಲೇಬೇಕು, ಎರಡೂ ಬದಿ ನೋಡಲೇಬೇಕು, ಆಮೇಲೆ ನಿಂತಲ್ಲಿಂದಲೇ ಗಾಡಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿ ತನ್ನ ಪಥ ಹಿಡಿಯಬೇಕು. ಶಿವಮೊಗ್ಗ ಪೇಟೆಯಲ್ಲೂ ಇದೇ ಕೆಲಸವಿದೆ: ಗಾಂಧಿ ಬಜಾರಿನ ಅಡ್ಡರಸ್ತೆಯಿಂದ ಹೊರಬರುವಾಗ, ದುರ್ಗಿಗುಡಿಯಲ್ಲಿ ಸಾಲಾಗಿ ನಿಲ್ಲಿಸಿದ ಗಾಡಿಗಳ ನಡುವಿನಿಂದ ಹೊರಡುವಾಗ, ಡಿವೈಡರಿನ ಸಂದಿಯಲ್ಲಿ ನಿಂತು ಯೂ ಟರ್ನ್ ಮಾಡುವಾಗ.

ಆ ಹೊತ್ತಿಗೆ ಗಾಡಿಯ ವೇಗ ಹೆಚ್ಚೆಂದರೆ ನಡೆಯುವವರ ವೇಗ. ಬಿದ್ದವರು ಮಂಡಿ ತರಚಿಕೊಂಡು ಎದ್ದು ಹೋಗುತ್ತಾರೆ, ಸುದ್ದಿಯಾಗುವುದಿಲ್ಲ. ಆದರೆ ಬಿದ್ದ ಜಾಗ ಬಸ್ಸು, ಲಾರಿ ಬರುವ ಪಥದ ನಟ್ಟನಡುವೆ. ಬೀಳದವರಲ್ಲೂ ಹೆಚ್ಚಿನವರು ಎರಡೂ ಕಾಲು ಇಳಿಬಿಟ್ಟು, ಕ್ಲಚ್ ಬಿಟ್ಟು ಹಿಡಿದು ಮಾಡುತ್ತ, ರಸ್ತೆಯ ಆಚೆ ಅಂಚಿನವರೆಗೆ ಹೋಗಿ, ಎದುರಿನವರ ಪಥದಲ್ಲಿ ನಿಂತು ಹಿಂದಕ್ಕೆ ತಳ್ಳಿ ತಿರುಗಿಸುತ್ತಾರೆ. ಇದಕ್ಕೆ ಅವರನ್ನು ದೂರಿ ಫಲವಿಲ್ಲ, ಕಲಿಸಿದವರಿಲ್ಲ. ಸರಿಯಾಗಿ ಹೇಳಿಕೊಟ್ಟರೆ ಒಂದು ಬೆಳಗ್ಗೆಯಲ್ಲಿ ಮುಕ್ಕಾಲು ಪಾಲು ಕೈಗೆ ಬರುವ ವಿದ್ಯೆ ಇದು. ಪತ್ರ ಉದ್ದವಾದರೂ ಸರಿ ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಜಾಗದ ಲೆಕ್ಕ. ಒಂಟಿ ಪಥದ ರಸ್ತೆಯಲ್ಲಿ ಟಾರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಜೋಡಿ ಪಥದ್ದು 7 ಮೀಟರ್. ಸ್ಪ್ಲೆಂಡರ್‌ನಂಥ ನೂರು ಸಿ.ಸಿ. ಬೈಕಿನಲ್ಲಿ ಎರಡು ಚಕ್ರಗಳ ನಡುವೆ ಸುಮಾರು 1.24 ಮೀಟರ್ ಅಂತರ, ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 1.39 ಮೀಟರ್. ಹ್ಯಾಂಡಲ್ ಪೂರ್ತಿ ಕಟ್ ಮಾಡಿದರೆ ಇಂಥ ಗಾಡಿಗಳು ನಾಲ್ಕೈದು ಮೀಟರ್ ಅಗಲದೊಳಗೆ ಅರ್ಧ ಸುತ್ತು ತಿರುಗಬಲ್ಲವು. ಹಾಗಾಗಿ ಜೋಡಿ ಪಥದ ರಸ್ತೆಯಲ್ಲಿ ಕಾಲೂರದೆ ಯೂ ಟರ್ನ್ ಮಾಡಲು ಜಾಗ ಧಾರಾಳ. ಒಂಟಿ ಪಥದಲ್ಲಿ ಸಾಲದು, ಅಲ್ಲಿ ಇಳಿದು ತಳ್ಳಿ ತಿರುಗಿಸಿಕೊಳ್ಳುವುದೇ ಸರಿ. ರೇಸಿಂಗ್ ಮಾದರಿಯ ಬೈಕುಗಳಲ್ಲಿ ಹ್ಯಾಂಡಲ್ ಕಡಿಮೆ ತಿರುಗುವುದರಿಂದ ಅವಕ್ಕೆ ಇನ್ನೂ ಹೆಚ್ಚು ಜಾಗ ಬೇಕು. ಮನೆ ದಾರಿಯಿಂದ ಜೋಡಿ ಪಥದ ರಸ್ತೆಗೆ ಸೇರಿ ಎಡಕ್ಕೆ ಹೋಗುವುದಾದರೆ ಕಾಲು ಸುತ್ತು ಮಾತ್ರ, ಅದು ಮೂರೂವರೆ ಮೀಟರಿನ ಒಂದೇ ಪಥದೊಳಗೆ ಮುಗಿಯುತ್ತದೆ. ಎಡಕ್ಕೆ ತಿರುಗುವವರು ನಡುಗೆರೆ ದಾಟುತ್ತಿದ್ದರೆ ಹ್ಯಾಂಡಲನ್ನು ಪೂರ್ತಿ ತಿರುಗಿಸಲು ಅಂಜುತ್ತಿದ್ದಾರೆಂದೇ ಅರ್ಥ.

ಅಂಜಿಕೆಗೆ ಕಾರಣವೂ ಇದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಗಾಡಿ ಒಳಕ್ಕೆ ವಾಲುತ್ತದೆ. ಹಿಂದಿನ ಚಕ್ರ ಅದನ್ನು ಸುತ್ತಿನಲ್ಲಿ ಓಡಿಸುತ್ತಿರುವವರೆಗೂ ವಾಲಿದ ಭಾರಕ್ಕೆ ಎದುರು ಬಲ ಸಿಗುತ್ತಲೇ ಇರುತ್ತದೆ, ಗಾಡಿ ಬೀಳುವುದಿಲ್ಲ. ಎಳೆತ ನಿಂತ ಮರುಗಳಿಗೆಗೆ ಭಾರವೆಲ್ಲ ಒಳಬದಿಗೆ ಬರುತ್ತದೆ. ಎಳೆತ ನಿಲ್ಲುವುದು ನಾಲ್ಕು ಬಗೆಯಲ್ಲಿ: ಹೆದರಿ ಕ್ಲಚ್ ಪೂರ್ತಿ ಹಿಡಿದಾಗ, ಆಕ್ಸಿಲರೇಟರ್ ಫಕ್ಕನೆ ಬಿಟ್ಟಾಗ, ಗಾಡಿ ಆಫ್ ಆದಾಗ, ಮುಂದಿನ ಬ್ರೇಕ್ ಒತ್ತಿದಾಗ. ಈ ನಾಲ್ಕರಲ್ಲಿ ಮುಂದಿನ ಬ್ರೇಕ್ ಬಲು ಕೆಟ್ಟದ್ದು. ತಿರುಗಿದ ಚಕ್ರ ಹಿಡಿದುಕೊಂಡರೆ ಗಾಡಿ ಸಾವರಿಸಿಕೊಳ್ಳಲು ಸಮಯವನ್ನೇ ಕೊಡುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಹಿಡಿದುಕೊಳ್ಳದಂತೆ ತಡೆಯುವ ಎಬಿಎಸ್ ಇದೆಯೆಂದು ಧೈರ್ಯ ಮಾಡುವವರಿದ್ದಾರೆ. ನಡಿಗೆಯ ವೇಗದಲ್ಲಿ ಎಬಿಎಸ್ ಕೆಲಸ ಮಾಡುವುದಿಲ್ಲ, ಮಾಡಿದರೂ ವಾಲಿದ ಗಾಡಿಯನ್ನು ಎತ್ತಿ ನಿಲ್ಲಿಸುವುದು ಅದರ ಕೆಲಸವಲ್ಲ.

ಆದ್ದರಿಂದ ಸುತ್ತು ಮುಗಿಯುವವರೆಗೆ ಎಳೆತ ಕಡಿಯದಂತೆ ನೋಡಿಕೊಳ್ಳಬೇಕು. ಸಾಧನಗಳು ಮೂರು: ಹಾಫ್ ಕ್ಲಚ್ (ಲಿವರನ್ನು ಪೂರ್ತಿ ಬಿಡದೆ ಅರ್ಧದಲ್ಲಿ ಹಿಡಿಯುವುದು), ಒಂದೇ ಸಮನೆ ಹಿಡಿದ ಆಕ್ಸಿಲರೇಟರ್, ಮೆಲ್ಲಗೆ ಒತ್ತಿದ ಹಿಂದಿನ ಬ್ರೇಕ್. ಆಕ್ಸಿಲರೇಟರ್ ಕದಲಬಾರದು. ಗಾಡಿ ಮುಗ್ಗರಿಸುವಂತಾದರೆ ಕ್ಲಚ್ಚನ್ನು ಒಂದು ಎಳೆಯಷ್ಟು ಬಿಡಿ, ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ. ವೇಗ ಹೆಚ್ಚಾಯಿತೆನಿಸಿದರೆ ಹಿಂದಿನ ಬ್ರೇಕನ್ನು ಚೂರು ಒತ್ತಿ, ಸುತ್ತು ಕಿರಿದಾಗುತ್ತದೆ. ಬ್ರೇಕೂ ಒತ್ತಿ ಎಂಜಿನ್ನೂ ಎಳೆದರೆ ಗಾಡಿ ಹಾಳಾಗದೇ ಎಂದು ಕೇಳುವವರುಂಟು. ಬಹುತೇಕ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ, ಕೆಲವು ಸೆಕೆಂಡಿನ ಹಾಫ್ ಕ್ಲಚ್ಚಿನಿಂದ ಏನೂ ಆಗದು. ಅಭ್ಯಾಸ ಮಾಡುವಾಗ ಮಾತ್ರ ನಡುನಡುವೆ ಬಿಡುವು ಕೊಡಬೇಕು, ಸುಟ್ಟ ವಾಸನೆ ಬಂದರೆ ನಿಲ್ಲಿಸಬೇಕು.

ಸಮತಟ್ಟು ಜಾಗದಲ್ಲಿ ಎಡ ತಿರುವಿನಿಂದ ಶುರು ಮಾಡಿ. ಮೊದಲ ಗೇರ್, ಕ್ಲಚ್ ಪೂರ್ತಿ ಹಿಡಿದಿರಲಿ. ಎಡಗಾಲು ನೆಲದಲ್ಲಿ, ಬಲಗಾಲು ಹಿಂದಿನ ಬ್ರೇಕಿನ ಮೇಲೆ. ನಿಂತಲ್ಲೇ ಹ್ಯಾಂಡಲನ್ನು ಎಡಕ್ಕೆ, ಇನ್ನು ತಿರುಗದು ಎನ್ನುವವರೆಗೆ ತಿರುಗಿಸಿ. ಗಾಡಿಯನ್ನು ಎಡಗಾಲಿನ ಕಡೆಗೆ, ಕಾಲು ಸುಲಭವಾಗಿ ತಡೆಯುವಷ್ಟು ವಾಲಿಸಿ. ಕಡೆಯ ಬಾರಿ ಎರಡೂ ಬದಿ ನೋಡಿ, ಗದ್ದ ಎಡ ಭುಜದ ನೇರಕ್ಕೆ ಬರುವಂತೆ ತಲೆ ತಿರುಗಿಸಿ, ಹೋಗಬೇಕಾದ ಪಥದಲ್ಲಿ ಹತ್ತು ಹದಿನೈದು ಮೀಟರ್ ದೂರದ ಒಂದು ಗುರುತಿನ ಮೇಲೆ ಕಣ್ಣಿಡಿ. ಆಮೇಲೆ ಕೈಗಳ ಕೆಲಸ. ಎಂಜಿನ್ ಸದ್ದು ಐಡ್ಲಿಂಗ್‌ಗಿಂತ ತುಸು ಏರುವಷ್ಟು ಆಕ್ಸಿಲರೇಟರ್ ಕೊಟ್ಟು ಕೈಯನ್ನು ಅಲ್ಲೇ ನಿಲ್ಲಿಸಿ. ಕ್ಲಚ್ ನಿಧಾನವಾಗಿ ಬಿಡುತ್ತ ಬಂದಂತೆ ಒಂದು ಹಂತದಲ್ಲಿ ಸದ್ದು ಕುಗ್ಗಿ ಗಾಡಿ ಮುಂದಕ್ಕೆ ತುಡಿಯುತ್ತದೆ. ಬೆರಳು ಅಲ್ಲೇ ನಿಲ್ಲಲಿ. ಈಗ ಬಲಗಾಲಿನ ಬ್ರೇಕ್ ಸಡಿಲಿಸಿ, ಪೂರ್ತಿ ಬಿಡಬೇಡಿ. ಗಾಡಿ ಹೊರಟೊಡನೆ ಎಡಗಾಲು ಫುಟ್‌ರೆಸ್ಟಿಗೆ ಬರಬೇಕು, ಮೈಭಾರ ಬಲ ಫುಟ್‌ರೆಸ್ಟಿನ ಮೇಲೆ ಬೀಳಬೇಕು. ವೇಗದ ತಿರುವಿನಲ್ಲಿ ಗಾಡಿಯ ಜೊತೆ ಮೈಯೂ ವಾಲುತ್ತದೆ. ಇಲ್ಲಿ ಗಾಡಿ ಒಳಕ್ಕೆ ವಾಲಿದರೂ ಮೈ ನೆಟ್ಟಗೆ, ತುಸು ಹೊರಕ್ಕೇ ಇರಬೇಕು. ಸುತ್ತು ಮುಗಿದು ಮೂತಿ ನೇರವಾದ ಮೇಲೆ ಕ್ಲಚ್ ಪೂರ್ತಿ ಬಿಡಿ.

ಬಲ ತಿರುವು ಎಲ್ಲರಿಗೂ ಕಷ್ಟ. ಯೂ ಟರ್ನ್ ನಮ್ಮಲ್ಲಿ ಬಲಕ್ಕೇ ಆಗಬೇಕಾದ್ದರಿಂದ ಇದನ್ನು ಬಿಡುವಂತೆಯೂ ಇಲ್ಲ. ತೊಂದರೆ ಕೈಗಳಿಂದ ಶುರುವಾಗುತ್ತದೆ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿದಾಗ ಬಲಗೈ ಹೊಟ್ಟೆಯ ಹತ್ತಿರ ಬಂದು ಮಣಿಕಟ್ಟು ಕೆಳಗೆ ಮಡಚುತ್ತದೆ, ಸವಾರನಿಗೆ ಗೊತ್ತಿಲ್ಲದೆ ಆಕ್ಸಿಲರೇಟರ್ ತೆರೆಯುತ್ತದೆ. ಅದೇ ಹೊತ್ತಿಗೆ ಎಡಗೈ ದೂರ ಹೋಗಿ ಕ್ಲಚ್ ಲಿವರು ಬೆರಳ ತುದಿಗೆ ಮಾತ್ರ ಸಿಗುತ್ತದೆ, ಜಾರಿ ಒಮ್ಮೆಲೇ ಬಿಟ್ಟುಹೋಗುತ್ತದೆ. ಗಾಡಿ ಜಿಗಿಯುತ್ತದೆ, ಸವಾರ ಗಾಬರಿಯಿಂದ ಮುಂದಿನ ಬ್ರೇಕ್ ಹಿಡಿಯುತ್ತಾನೆ. ಬಲಕ್ಕೆ ಬಿದ್ದ ಗಾಡಿಗಳಲ್ಲಿ ಹೆಚ್ಚಿನವು ಬೀಳುವುದು ಹೀಗೆ. ಇದಕ್ಕೆ ಪರಿಹಾರ ಬಲ ಮೊಣಕೈಯಲ್ಲಿದೆ. ಮೊಣಕೈಯನ್ನು ಹೊರಕ್ಕೆ ಎತ್ತಿ, ಹಿಡಿಯನ್ನು ಸ್ಕ್ರೂಡ್ರೈವರ್ ಹಿಡಿದಂತೆ ಓರೆಯಾಗಿ ಹಿಡಿದರೆ ಮಣಿಕಟ್ಟು ಮಡಚುವುದಿಲ್ಲ. ಸೀಟಿನಲ್ಲಿ ಒಂದಂಗುಲ ಮುಂದೆ ಸರಿದು ಕೂತರೆ ಎಡಗೈಗೂ ಕ್ಲಚ್ ಸರಿಯಾಗಿ ಎಟುಕುತ್ತದೆ. ಗಾಡಿ ಕದಲಿದ ಮೇಲೆ ಬಲಗೈಯ ನಾಲ್ಕೂ ಬೆರಳು ಹಿಡಿಯ ಮೇಲೇ ಇರಲಿ, ಬ್ರೇಕ್ ಲಿವರಿನ ಮೇಲೆ ಒಂದೂ ಬೇಡ.

ಇನ್ನು ಕಾಲು. ಸಮತಟ್ಟು ನೆಲದಲ್ಲಿ ಬಲಕ್ಕೆ ತಿರುಗುವಾಗ ಬಲಗಾಲನ್ನೇ ಊರಿ, ಗಾಡಿಯನ್ನು ಬಲಕ್ಕೆ ವಾಲಿಸಿಕೊಂಡು ಹೊರಡಬಹುದು. ಗಾಡಿ ಮೊದಲೇ ಒಳಕ್ಕೆ ವಾಲಿರುವುದರಿಂದ ಸುತ್ತು ಕಿರಿದಾಗಿ ಬರುತ್ತದೆ. ಹೊರಟ ಕೂಡಲೇ ಕಾಲು ಬ್ರೇಕಿಗೆ ಬರಬೇಕು. ಏರಿನಲ್ಲಿ ಮಾತ್ರ ಇದು ಬೇಡವೇ ಬೇಡ. ಅಲ್ಲಿ ಬಲಗಾಲು ಬ್ರೇಕ್ ಬಿಟ್ಟರೆ ಗಾಡಿ ಹಿಂದಕ್ಕೆ ಉರುಳುತ್ತದೆ. ಮುಂದಿನ ಬ್ರೇಕನ್ನೊಂದೇ ನಂಬುವಂತಿಲ್ಲ. ಏರಿನಲ್ಲಿ ಭಾರವೆಲ್ಲ ಹಿಂದಿನ ಚಕ್ರಕ್ಕೆ ಹೋಗಿರುತ್ತದೆ, ಹಗುರಾದ ಮುಂದಿನ ಚಕ್ರ ಹಿಡಿದುಕೊಂಡೇ ಜಲ್ಲಿಯ ಮೇಲೆ ಹಿಂದಕ್ಕೆ ಜಾರುತ್ತದೆ. ಹಾಗಾಗಿ ಏರಿನಲ್ಲಿ ಎಡಕ್ಕಾಗಲಿ ಬಲಕ್ಕಾಗಲಿ ಊರುವ ಕಾಲು ಎಡಗಾಲು, ಬಲಗಾಲು ಬ್ರೇಕಿನ ಮೇಲೆ. ಸಮತಟ್ಟಿಗಿಂತ ಆಕ್ಸಿಲರೇಟರ್ ಸ್ವಲ್ಪ ಹೆಚ್ಚು ಕೊಟ್ಟು, ಕ್ಲಚ್ ನಿಧಾನವಾಗಿ ಬಿಡುತ್ತ ಬಂದು, ಗಾಡಿ ಮುಂದಕ್ಕೆ ತುಡಿಯುತ್ತಿದೆ ಎಂದು ಖಾತ್ರಿಯಾದ ಮೇಲೆಯೇ ಬ್ರೇಕ್ ಸಡಿಲಿಸಬೇಕು.

ನಮ್ಮ ಕಡೆಯ ದಾರಿಗಳಲ್ಲಿ ಇನ್ನೊಂದು ಸಮಸ್ಯೆ ಟಾರಿನ ಅಂಚು. ರಸ್ತೆಗೆ ಪ್ರತಿ ಸಲ ಹೊಸ ಪದರ ಹಾಕಿದಾಗಲೂ ಅಂಚು ಏರುತ್ತದೆ, ಅತ್ತ ಮಳೆ ಮಣ್ಣು ದಾರಿಯನ್ನು ಕೊರೆಯುತ್ತದೆ. ಎರಡು ಮೂರು ಇಂಚಿನ ಮೆಟ್ಟಿಲು ನಿಂತುಬಿಡುತ್ತದೆ. ಅದನ್ನು ಓರೆಯಾಗಿ ಹತ್ತಿದರೆ ಮುಂದಿನ ಚಕ್ರ ಮೇಲೇರದೆ ಅಂಚಿನುದ್ದಕ್ಕೂ ಜಾರುತ್ತದೆ. ಹ್ಯಾಂಡಲ್ ನೇರವಾಗಿಟ್ಟು, ಮುಂದಿನ ಚಕ್ರ ಅಂಚನ್ನು ಹತ್ತಿದ ಮೇಲೆ ನಿಂತು ನೋಡುವುದು ಒಳ್ಳೆಯದು, ಹಿಂದಿನ ಚಕ್ರ ಹತ್ತುವವರೆಗೂ ಹ್ಯಾಂಡಲ್ ಪೂರ್ತಿ ತಿರುಗಿಸಬಾರದು. ಗಾಡಿಯ ಉದ್ದ ಸುಮಾರು ಎರಡು ಮೀಟರ್. ಎರಡೂ ಚಕ್ರ ಟಾರಿನ ಮೇಲೆ ಬಂದಾಗ ಪಥದಲ್ಲಿ ಉಳಿಯುವುದು ಒಂದೂವರೆ ಮೀಟರ್. ತಲೆ ಮೊದಲೇ ತಿರುಗಿಸಿಟ್ಟುಕೊಂಡಿದ್ದರೆ ಆ ಒಂದೂವರೆ ಮೀಟರ್ ಸಾಕಾಗುತ್ತದೆ. ಮಳೆಗಾಲದಲ್ಲಿ ಅಂಚಿನ ಪಕ್ಕದ ಪಾಚಿ, ಟ್ರ್ಯಾಕ್ಟರ್ ಚಕ್ರ ತಂದು ಹಾಕಿದ ಕೆಸರು, ತೊಳೆದು ಬಂದ ಜಂಬಿಟ್ಟಿಗೆ ಹರಳು, ಇವುಗಳ ಮೇಲೆ ಗಾಡಿ ವಾಲಿಸುವುದೇ ಬೇಡ. ಅವನ್ನು ನೇರವಾಗಿ ದಾಟಿ, ಸ್ವಚ್ಛ ಟಾರು ಸಿಕ್ಕ ಮೇಲೆ ತಿರುಗಿ, ಎದುರಿನ ಪಥ ಖಾಲಿಯಿದ್ದರೆ ಸುತ್ತು ಒಂದಿಷ್ಟು ದೊಡ್ಡದಾದರೂ ಪರವಾಗಿಲ್ಲ.

ಕಲಿಯುವವರು ಮಾಡುವ ತಪ್ಪುಗಳಲ್ಲಿ ದೊಡ್ಡದು ಮುಂದಿನ ಚಕ್ರವನ್ನೇ ನೋಡುವುದು. ಕಣ್ಣು ಎಲ್ಲಿಗೋ ಗಾಡಿ ಅಲ್ಲಿಗೆ. ನೆಲ ನೋಡಿದರೆ ಹ್ಯಾಂಡಲ್ ನಡುವೆ ನೇರವಾಗುತ್ತದೆ, ಸುತ್ತು ದೊಡ್ಡದಾಗುತ್ತದೆ, ಎದುರಿನ ಚರಂಡಿ ಹತ್ತಿರ ಬರುತ್ತದೆ. ಕಾಲು ನೆಲದಲ್ಲಿ ಎಳೆದುಕೊಂಡು ಹೋಗುವುದೂ ಅಪಾಯ. ಗಾಡಿ ಒಳಕ್ಕೆ ಬಂದಾಗ ಪಾದ ನೆಲಕ್ಕೂ ಫುಟ್‌ರೆಸ್ಟಿಗೂ ನಡುವೆ ಸಿಕ್ಕಿ ಮೀನಖಂಡ, ಹಿಮ್ಮಡಿಗೆ ಪೆಟ್ಟಾಗುತ್ತದೆ. 112 ಕೆ.ಜಿ.ಯ ಸ್ಪ್ಲೆಂಡರನ್ನು ಕಾಲಿನಿಂದ ತಡೆಯಬಹುದೇನೋ, 195 ಕೆ.ಜಿ.ಯ ಕ್ಲಾಸಿಕ್ ಒಂದು ಹಂತ ದಾಟಿ ವಾಲಿದ ಮೇಲೆ ತಡೆಯಲು ಹೋದರೆ ಮಂಡಿ ತಿರುಚುತ್ತದೆ. ಅಂಥ ಹೊತ್ತಿನಲ್ಲಿ ಗಾಡಿ ಬಿಟ್ಟು ಕಾಲು ಎಳೆದುಕೊಳ್ಳಿ. ಗಾಡಿಯನ್ನು ಆಮೇಲೆ ಎತ್ತಬಹುದು: ಇಗ್ನಿಷನ್ ಆಫ್ ಮಾಡಿ, ಗೇರಿನಲ್ಲಿಟ್ಟು, ಸೀಟಿಗೆ ಬೆನ್ನು ಕೊಟ್ಟು, ಸೊಂಟದ ಬದಲು ತೊಡೆಯ ಬಲದಿಂದ.

ಸ್ಕೂಟರ್ ಓಡಿಸುವವರಿಗೆ ಕ್ಲಚ್ ಕೈಯಲ್ಲಿಲ್ಲ. ಆಕ್ಸಿಲರೇಟರ್ ಕೊಟ್ಟು ಎಂಜಿನ್ ವೇಗ ಏರಿದಾಗ ಕ್ಲಚ್ ತಾನಾಗಿ ಹಿಡಿಯುತ್ತದೆ, ಬಿಟ್ಟಾಗ ತಾನಾಗಿ ಬಿಡುತ್ತದೆ. ಸುತ್ತಿನ ನಡುವೆ ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟರೆ ಗಾಡಿ ಮೊದಲು ಮುಗ್ಗರಿಸಿ ಆಮೇಲೆ ಜಿಗಿಯುವುದು ಇದರಿಂದಲೇ. ಸ್ವಲ್ಪ ಆಕ್ಸಿಲರೇಟರನ್ನು ಒಂದೇ ಸಮನೆ ಹಿಡಿದು, ವೇಗವನ್ನು ಎಡಗೈ ಬ್ರೇಕಿನಿಂದ ತಗ್ಗಿಸಬೇಕು. ಈಗಿನ 125 ಸಿ.ಸಿ.ವರೆಗಿನ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾಂಬಿ ಬ್ರೇಕ್ ಇರುವುದರಿಂದ ಹಿಂದಿನ ಬ್ರೇಕನ್ನು ಜೋರಾಗಿ ಒತ್ತಿದರೆ ಮುಂದಿನ ಚಕ್ರವೂ ಹಿಡಿಯುತ್ತದೆ ಎಂಬುದು ನೆನಪಿರಲಿ. ಬೆರಳ ತುದಿಯಷ್ಟೇ ಒತ್ತಬೇಕು. ಹಲವು ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಬ್ರೇಕ್ ಲಿವರ್ ಮುಟ್ಟಿದೊಡನೆ ಮೋಟಾರ್ ಕಟ್ ಆಗುತ್ತದೆ, ಅವುಗಳಲ್ಲಿ ಈ ಉಪಾಯ ನಡೆಯದು. ಇಕೋ ಮೋಡ್‌ಗೆ ಹಾಕಿ ಆಕ್ಸಿಲರೇಟರ್ ಒಂದರಿಂದಲೇ ಅಳೆದು ತಿರುಗಿಸಬೇಕು. ಕಾಲ ಬಳಿ ಸಿಲಿಂಡರೋ ಅಕ್ಕಿ ಚೀಲವೋ ಇದ್ದು, ಕೊಕ್ಕೆಗೆ ಕೈಚೀಲ ತೂಗಿದ್ದರೆ ಮಂಡಿ ಹ್ಯಾಂಡಲಿಗೆ ತಾಗಿ ಅದು ಪೂರ್ತಿ ತಿರುಗುವುದೇ ಇಲ್ಲ. ಹೊರಡುವ ಮೊದಲು ನಿಂತಲ್ಲೇ ಎರಡೂ ಕಡೆ ಒಮ್ಮೆ ತಿರುಗಿಸಿ ನೋಡಿ.

ಹಿಂದೆ ಕೂತವರು ತಿರುವಿನಲ್ಲಿ ಕದಲಬಾರದು, ಸವಾರನ ಭುಜದ ಮೇಲಿಂದ ಇಣುಕಲೂಬಾರದು. ಒಂದೇ ಕಡೆ ಕಾಲು ಹಾಕಿ ಕೂತರೆ ಭಾರ ಎಡಕ್ಕಿರುತ್ತದೆ, ಎಡ ತಿರುವಿನಲ್ಲಿ ಗಾಡಿ ಎಣಿಸಿದ್ದಕ್ಕಿಂತ ಬೇಗ ವಾಲುತ್ತದೆ. ಹಾಲಿನ ಕ್ಯಾನ್ ಕಟ್ಟುವವರು ಎರಡೂ ಬದಿಗೆ ಸಮ ಭಾರ ಮಾಡಿಕೊಳ್ಳಿ. ಅರ್ಧ ತುಂಬಿದ ಕ್ಯಾನು ಪೂರ್ತಿ ತುಂಬಿದ್ದಕ್ಕಿಂತ ಕಷ್ಟ, ಒಳಗಿನ ಹಾಲು ತುಳುಕಿ ಗಾಡಿಯನ್ನು ಎಳೆಯುತ್ತದೆ.

ಗಾಡಿಯ ಸ್ಥಿತಿಯೂ ಮುಖ್ಯ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಆಟ (ಬಿಗಿ ಸಿಗುವ ಮೊದಲಿನ ಸಡಿಲ) ಸಾಮಾನ್ಯವಾಗಿ ಇರಬೇಕು. ತೀರಾ ಬಿಗಿಯಿದ್ದರೆ ಕ್ಲಚ್ ಜಾರುತ್ತದೆ, ತೀರಾ ಸಡಿಲವಿದ್ದರೆ ಪೂರ್ತಿ ಬಿಡುವುದಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರುವಾಗ ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ, ಮೊದಲು ಅದನ್ನು ಸರಿಮಾಡಿಸಿ. ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವೆ ‘ಟಕ್’ ಎಂದು ಕೂರುವಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅಂಥ ಗಾಡಿಯಲ್ಲಿ ಎಷ್ಟು ಅಭ್ಯಾಸ ಮಾಡಿದರೂ ನಿಧಾನದ ತಿರುವು ಕೈಗೆ ಬಾರದು. ಸಡಿಲ ಚೈನು ಜರ್ಕ್ ಕೊಡುತ್ತದೆ, ಗಾಳಿ ಕಡಿಮೆಯಾದ ಮುಂದಿನ ಟೈರು ಹ್ಯಾಂಡಲನ್ನು ಭಾರ ಮಾಡುತ್ತದೆ. 2020ರ ಏಪ್ರಿಲ್‌ಗೆ ಮೊದಲಿನ ಕಾರ್ಬ್ಯುರೇಟರ್ ಗಾಡಿಗಳು ಚಳಿಯ ಬೆಳಗ್ಗೆ ಬಿಸಿಯಾಗದೆ ಹೊರಟರೆ ತಿರುವಿನ ನಡುವೆಯೇ ಆಫ್ ಆಗುತ್ತವೆ, ಒಂದೆರಡು ನಿಮಿಷ ಓಡಿಸಿಟ್ಟು ಹೊರಡಿ.

ಅಭ್ಯಾಸಕ್ಕೆ ಖಾಲಿ ಮೈದಾನ ಸಾಕು. ಮೊದಲು ಬರೀ ಹಾಫ್ ಕ್ಲಚ್ಚಿನಲ್ಲಿ ನೇರ ಹೋಗಿ, ಇಪ್ಪತ್ತು ಮೀಟರ್ ದೂರವನ್ನು ಎಷ್ಟು ನಿಧಾನವಾಗಿ ದಾಟಬಹುದೋ ನೋಡಿ. ಅದು ಬಂದ ಮೇಲೆ ಸುಣ್ಣದಲ್ಲಿ 7 ಮೀಟರ್ ಅಂತರಕ್ಕೆ ಎರಡು ಗೆರೆ ಎಳೆದು ಅದರೊಳಗೆ ಎಡ, ಬಲ ಎರಡೂ ಯೂ ಟರ್ನ್. ಆಮೇಲೆ ಗೆರೆಯನ್ನು 6ಕ್ಕೆ, 5.5ಕ್ಕೆ ತನ್ನಿ. ಕೊನೆಗೆ ನಿಲುಗಡೆ ಗೆರೆಯಲ್ಲಿ ಪೂರ್ತಿ ನಿಂತು, ನಿಂತಲ್ಲಿಂದ ಕಾಲು ಸುತ್ತು. ಹೆಲ್ಮೆಟ್, ಕೈಗವಸು, ಹಿಮ್ಮಡಿ ಮುಚ್ಚುವ ಬೂಟು ಹಾಕಿಕೊಂಡೇ ಮಾಡಿ.

ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್‌ಗಳಲ್ಲಿ, ಹುಲಿಕಲ್‌ನಲ್ಲಿ ಇದರ ಅಗತ್ಯ ಎದ್ದು ಕಾಣುತ್ತದೆ. ಏರುತ್ತ ಹೋಗುವವರು ಎದುರಿನ ಬಸ್ಸಿಗಾಗಿ ಹೇರ್‌ಪಿನ್ನಿನ ಒಳಮೂಲೆಯಲ್ಲಿ ನಿಂತುಬಿಡುತ್ತಾರೆ. ಇಡೀ ತಿರುವಿನಲ್ಲಿ ಅತಿ ಕಡಿದಾದ ಜಾಗ ಅದೇ. ಅಲ್ಲಿಂದ ಹ್ಯಾಂಡಲ್ ತಿರುಗಿಸಿಕೊಂಡು ಹೊರಡಲು ನುರಿತವರಿಗೂ ಕಷ್ಟ. ನಿಲ್ಲುವುದಿದ್ದರೆ ತಿರುವಿಗೆ ಮುಂಚೆಯೇ, ಗಾಡಿ ನೇರವಿರುವಾಗ ನಿಲ್ಲಿ. ಇಕ್ಕಟ್ಟಿನಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬ ನಿಯಮವನ್ನು ಕಾರಿನವರೂ ಪಾಲಿಸಿದರೆ ಬೈಕಿನವರು ಅಲ್ಲಿ ನಿಲ್ಲುವ ಪ್ರಸಂಗವೇ ಕಡಿಮೆಯಾಗುತ್ತದೆ.

ಸಂಬಂಧಪಟ್ಟವರಲ್ಲಿ ಎರಡು ಕೋರಿಕೆ. ಮೊದಲನೆಯದು ಗ್ರಾಮ ಪಂಚಾಯಿತಿ ಮತ್ತು ಲೋಕೋಪಯೋಗಿ ಇಲಾಖೆಗೆ: ರಸ್ತೆಗೆ ಹೊಸ ಪದರ ಹಾಕುವಾಗ ಮನೆ ದಾರಿಗಳು ಸೇರುವಲ್ಲಿ ಅಂಚನ್ನು ಇಳಿಜಾರು ಮಾಡಿ, ಗಾಡಿಯೊಂದು ನೇರ ನಿಲ್ಲುವಷ್ಟು, ಅಂದರೆ ಎರಡೂವರೆ ಮೂರು ಮೀಟರ್ ಉದ್ದದ ಸಮತಟ್ಟು ಜಾಗ ಮಾಡಿಕೊಡಿ. ಇದಕ್ಕೆ ಬೇಕಾಗುವುದು ಕೆಲವು ಬುಟ್ಟಿ ಜಲ್ಲಿ, ಒಂದಿಷ್ಟು ಹೊತ್ತಿನ ಕೆಲಸ.

ಎರಡನೆಯದು ಶಿವಮೊಗ್ಗ ಮತ್ತು ಸಾಗರದ ಸಾರಿಗೆ ಕಚೇರಿಗಳಿಗೆ, ಡ್ರೈವಿಂಗ್ ಶಾಲೆಗಳಿಗೆ. ಬೈಕಿನ ಲೈಸೆನ್ಸ್ ಪರೀಕ್ಷೆಯೆಂದರೆ ‘ಎಂಟು’ ಹಾಕುವುದು ಎಂದೇ ಜನ ತಿಳಿದಿದ್ದಾರೆ. ಎಂಟು ಒಳ್ಳೆಯ ಪರೀಕ್ಷೆ, ಆದರೆ ಅದರೊಳಗೆ ಹೋಗುವಾಗ ಗಾಡಿ ಆಗಲೇ ಓಡುತ್ತಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮದಲ್ಲಿ ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಉರುಳದಂತೆ ಮತ್ತೆ ಹೊರಡುವುದು, ಎಡ ಬಲ ಮೂಲೆಗಳನ್ನು ಸರಿಯಾಗಿ ತಿರುಗುವುದು ಎರಡೂ ಪರೀಕ್ಷೆಯ ಅಂಶಗಳಾಗಿ ಆಗಲೇ ಇವೆ. ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಎಂಟು ಬರೆದ ಅಂಕಣದ ಪಕ್ಕದಲ್ಲೇ ಒಂದು ನಿಲುಗಡೆ ಗೆರೆ, ಅದರೆದುರು 3.5 ಮೀಟರ್ ಅಂತರಕ್ಕೆ ಇನ್ನೊಂದು ಗೆರೆ ಎಳೆದು, ಪೂರ್ತಿ ನಿಂತ ಗಾಡಿಯನ್ನು ಆ ಗೆರೆ ಮುಟ್ಟದೆ, ಕಾಲೂರದೆ ಒಮ್ಮೆ ಎಡಕ್ಕೆ ತಿರುಗಿಸಲು ಹೇಳಿ. ಬಲಕ್ಕೆ ತಿರುಗಿಸುವಾಗ ಗೆರೆ 7 ಮೀಟರಿನಲ್ಲಿರಲಿ. ಒಬ್ಬರ ಪರೀಕ್ಷೆಗೆ ಇದರಿಂದ ಹೆಚ್ಚಾಗುವ ಸಮಯ ಒಂದು ನಿಮಿಷಕ್ಕೂ ಕಡಿಮೆ.

— ದ್ವಿಚಕ್ರ ವಾಹನ ತರಬೇತುದಾರ, ವಿನೋಬನಗರ, ಶಿವಮೊಗ್ಗ